ಕನ್ನಡಿಯ ಕಲೆಯೋ, ಗ್ರಹವೋ?

ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬರುವಾಗ ನೋಡಿ. ಕಾದ ಡಾಂಬರಿನ ಮೇಲೆ ಗಾಳಿ ಕುಣಿಯುತ್ತಿರುತ್ತದೆ. ದೂರದ ಲಾರಿ ನೀರಲ್ಲಿ ನಿಂತ ಹಾಗೆ ಕಾಣುತ್ತದೆ. ರಾತ್ರಿ ಜೋಗಿಮಟ್ಟಿಯ ಮೇಲೆ ನಕ್ಷತ್ರ ಮಿನುಗುವುದಕ್ಕೂ ಗಾಳಿಯ ಇದೇ ಅಲುಗಾಟ ಕಾರಣ. ನಮ್ಮ ಕಣ್ಣಿಗೆ ಅದು ಚೆಂದ. ಬೇರೆ ನಕ್ಷತ್ರಗಳ ಗ್ರಹಗಳನ್ನು ಚಿತ್ರಿಸಲು ಹೊರಟವರಿಗೆ ಅದೇ ಮೊದಲ ತೊಡಕು.

1953ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಹೊರೇಸ್ ಬ್ಯಾಬ್‌ಕಾಕ್ ಒಂದು ಉಪಾಯ ಹೇಳಿದರು. ಗಾಳಿ ಬೆಳಕನ್ನು ಹೇಗೆ ಕೆಡಿಸುತ್ತಿದೆ ಎಂದು ಆಗಿಂದಾಗಲೇ ಅಳೆಯಬೇಕು, ಆಗಲೇ ತಿದ್ದಬೇಕು. ಅಷ್ಟು ವೇಗದ ಕಂಪ್ಯೂಟರ್ ಅಂದು ಇರಲಿಲ್ಲ. ಇಂದು ತೆಳುವಾದ ಕನ್ನಡಿಯೊಂದು ಸೆಕೆಂಡಿಗೆ ಸಾವಿರ ಸಲ ಆಕಾರ ಬದಲಿಸಿ ಆ ಕೆಲಸ ಮಾಡುತ್ತದೆ. 2004ರಲ್ಲಿ ಚಿಲಿಯ ವಿಎಲ್‌ಟಿ ದೂರದರ್ಶಕ 2ಎಂ1207ಬಿ ಗ್ರಹದ ಚಿತ್ರ ತೆಗೆದದ್ದು ಹೀಗೆಯೇ.

ದುರ್ಗದ ಶಾಲೆಯೊಂದರಲ್ಲಿ ಇದನ್ನು ಹೇಳಿದಾಗ ಹುಡುಗಿಯೊಬ್ಬಳು ಕೇಳಿದಳು: "ಗಾಳಿಯೇ ಇಲ್ಲದ ಕಡೆ ಹೋದರೆ ಆಯ್ತಲ್ವಾ ಸಾರ್?" ಒಳ್ಳೆಯ ಪ್ರಶ್ನೆ. 1990ರಲ್ಲಿ ಹಬಲ್ ದೂರದರ್ಶಕ ಬಾಹ್ಯಾಕಾಶಕ್ಕೆ ಹೋಯಿತು. ಆದರೂ ಚಿತ್ರ ಮಸುಕಾಗಿ ಬಂತು. ಕನ್ನಡಿ ಪರೀಕ್ಷಿಸುವ ಉಪಕರಣದಲ್ಲಿ ಮಸೂರವೊಂದು 1.3 ಮಿಲಿಮೀಟರ್ ತಪ್ಪಿ ಕೂತಿತ್ತು. ಅದನ್ನೇ ನಂಬಿ ಉಜ್ಜಿದ್ದರಿಂದ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್ ಜಾಸ್ತಿ ಚಪ್ಪಟೆಯಾಗಿತ್ತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ತಿದ್ದುವ ಉಪಕರಣಗಳನ್ನು ಕೂರಿಸಿದರು.

ಗ್ರಹ ಹುಡುಕುವಾಗ ಇದಕ್ಕಿಂತ ತುಂಬ ಚಿಕ್ಕ ದೋಷವೂ ಕಾಡುತ್ತದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಭೂಮಿಯ ಹೊಳಪು ಸೂರ್ಯನದ್ದರ ಸಾವಿರ ಕೋಟಿಯಲ್ಲಿ ಒಂದು ಪಾಲು. ನಕ್ಷತ್ರಕ್ಕೆ ಮರೆ ಹಿಡಿದರೂ ಸುತ್ತ ಬೆಳಕಿನ ಚುಕ್ಕೆಗಳು ಉಳಿಯುತ್ತವೆ, ಥೇಟ್ ಗ್ರಹದ ಹಾಗೆ. ಕಾರಣ ಇದು: ಬೆಳಕನ್ನು ಎರಡು ದಾರಿಗೆ ಒಡೆಯುತ್ತಾರೆ, ಒಂದು ಅಳೆಯುವ ಸಾಧನಕ್ಕೆ, ಒಂದು ಕ್ಯಾಮೆರಾಕ್ಕೆ. ಕ್ಯಾಮೆರಾ ದಾರಿಯಲ್ಲಿ ಹುಟ್ಟುವ ದೋಷ ಅಳೆಯುವ ಸಾಧನಕ್ಕೆ ಕಾಣುವುದೇ ಇಲ್ಲ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹಟಮಾರಿ ತೊಡಕು ಇದೇ.

ಮನೆಯ ಕನ್ನಡಿಯಲ್ಲಿ ಕಲೆ ಇದ್ದರೆ, ತಲೆ ಆಡಿಸಿದರೂ ಅದು ಅಲ್ಲೇ ಇರುತ್ತದೆ. ಮುಖದ ಮಚ್ಚೆಯಾದರೆ ಮುಖದ ಜೊತೆ ಸರಿಯುತ್ತದೆ. ಭೂಮಿ ತಿರುಗಿದಂತೆ ದೂರದರ್ಶಕದ ನೋಟದಲ್ಲಿ ಆಕಾಶವೂ ತಿರುಗುತ್ತದೆ. ದೋಷದ ಚುಕ್ಕೆ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ, ಗ್ರಹ ನಕ್ಷತ್ರದ ಸುತ್ತ ಸರಿಯುತ್ತದೆ. 2008ರಲ್ಲಿ ಎಚ್‌ಆರ್ 8799 ಎಂಬ ನಕ್ಷತ್ರದ ಮೂರು ಗ್ರಹಗಳು ಸಿಕ್ಕಿದ್ದು ಹೀಗೆ ಬೇರ್ಪಡಿಸಿದ್ದರಿಂದ.

ನಾಸಾದ ರೋಮನ್ ಎಂಬ ಬಾಹ್ಯಾಕಾಶ ದೂರದರ್ಶಕಕ್ಕೆ ಇನ್ನೊಂದು ದಾರಿ ಹಿಡಿದಿದ್ದಾರೆ. ಅಲ್ಲಿ ಕ್ಯಾಮೆರಾದ ಚಿತ್ರವನ್ನೇ ಅಳತೆಗೆ ಬಳಸುತ್ತಾರೆ. ಆಕಾರ ಬದಲಿಸುವ ಎರಡು ಕನ್ನಡಿಗಳಿವೆ, ಒಂದೊಂದರ ಹಿಂದೆಯೂ 48 ಸಾಲು, ಸಾಲಿಗೆ 48 ಪುಟ್ಟ ತಳ್ಳುಗೋಲುಗಳು. ಅವು ಕನ್ನಡಿಯನ್ನು ಕೂದಲೆಳೆಗಿಂತ ಎಷ್ಟೋ ಕಡಿಮೆ ಬಾಗಿಸಿ, ಬೆಳಕಿನ ಅಲೆಯಿಂದಲೇ ಬೆಳಕಿನ ಅಲೆಯನ್ನು ಅಳಿಸುತ್ತವೆ. ನಕ್ಷತ್ರದ ಪಕ್ಕದಲ್ಲೇ ಒಂದು ತುಂಡು ಕತ್ತಲೆ ಮೂಡುತ್ತದೆ. ಗ್ರಹವನ್ನು ಹುಡುಕುವುದು ಆ ಕತ್ತಲಲ್ಲಿ.