‘ಗ್ರಾನ್ ಹೋಟೆಲ್’ ಧಾರಾವಾಹಿಯ ಆ ಹೋಟೆಲು ನಿಜವಾಗಿಯೂ ಇದೆಯೇ?

ಓದುಗರ ಪ್ರಶ್ನೆ: ಸ್ಪೇನಿನ ‘ಗ್ರಾನ್ ಹೋಟೆಲ್’ ಧಾರಾವಾಹಿಯನ್ನು ಮನೆಮಂದಿಯೆಲ್ಲ ಕೂತು ನೋಡುತ್ತಿದ್ದೇವೆ. ಕಡಲ ಪಕ್ಕದ ಆ ಕಲ್ಲಿನ ಹೋಟೆಲು ನಿಜವಾಗಿ ಇದೆಯೇ? ಇದ್ದರೆ ಹೋಗಿ ಒಂದು ರಾತ್ರಿ ಉಳಿಯಬಹುದೇ?

ಉತ್ತರ: ಕಟ್ಟಡ ಇದೆ, ಹೋಟೆಲು ಇಲ್ಲ. ಹೋಗಿ ನೋಡಬಹುದು, ರೂಮು ಬುಕ್ ಮಾಡಲಾಗದು. ಆದರೆ ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲೇ ಒಂದು ಅಸಲಿ ದೊಡ್ಡ ಹೋಟೆಲು ಇದೆ. ಅದರ ವಿಚಾರ ಕೊನೆಗೆ.

ತೆರೆಯ ಮೇಲೆ ಹೋಟೆಲಾಗಿ ಕಾಣುವುದು ಸ್ಪೇನಿನ ಉತ್ತರ ಕರಾವಳಿಯ ಸಾಂತಾಂದೇರ್ ನಗರದಲ್ಲಿರುವ ಮಗ್ದಲೇನಾ ಅರಮನೆ. ಕತೆ ನಡೆಯುವ ‘ಕಾಂತಾಲೋವಾ’ ಎಂಬ ಊರು ಕಟ್ಟುಕತೆ, ಭೂಪಟದಲ್ಲಿ ಹುಡುಕಬೇಡಿ. ಅರಮನೆಯ ಮಟ್ಟಿಗೆ ಒಂದು ತಮಾಷೆಯಿದೆ. ಕತೆ ಶುರುವಾಗುವುದು 1905ರಲ್ಲಿ. ಆಗ ಆ ಜಾಗದಲ್ಲಿ ಈ ಕಟ್ಟಡವೇ ಇರಲಿಲ್ಲ. ಕೆಲಸ ಆರಂಭವಾದದ್ದು 1908ರಲ್ಲಿ, ಮುಗಿದದ್ದು 1912ರಲ್ಲಿ. ಅಂದರೆ ತಂಗಿಯನ್ನು ಹುಡುಕಿಕೊಂಡು ಬರುವ ಹೂಲಿಯೊ ನಿಜವಾಗಿ ಅಂದು ಅಲ್ಲಿಗೆ ಬಂದಿದ್ದರೆ ಅವನ ಕಣ್ಣಿಗೆ ಬೀಳುತ್ತಿದ್ದುದು ಬರೀ ಬಂಡೆ, ಹುಲ್ಲು ಮತ್ತು ಸಮುದ್ರ. (ಅವನ ಹೆಸರನ್ನು ‘ಜೂಲಿಯೊ’ ಎಂದು ಓದಬೇಡಿ. ಸ್ಪ್ಯಾನಿಷ್‌ನಲ್ಲಿ ಆ ಮೊದಲಕ್ಷರ ‘J’ಗೆ ‘ಹ’ಕಾರದ ಉಚ್ಚಾರ.)

ಅರಮನೆಯನ್ನು ಕಟ್ಟಿಸಿದ್ದು ರಾಜನಲ್ಲ, ಊರಿನವರು. ಜನರಿಂದ ಚಂದಾ ಎತ್ತಿ, ಹಾವಿಯೆರ್ ಗೊನ್ಸಾಲೆಸ್ ರಿಯಾಂಚೊ ಮತ್ತು ಗೊನ್ಸಾಲೊ ಬ್ರಿಂಗಾಸ್ ಎಂಬ ಇಬ್ಬರು ವಾಸ್ತುಶಿಲ್ಪಿಗಳಿಂದ ನಕ್ಷೆ ಮಾಡಿಸಿ, 13ನೇ ಆಲ್ಫೊನ್ಸೊ ದೊರೆಗೆ ಉಡುಗೊರೆಯಾಗಿ ಕೊಟ್ಟರು. ಲೆಕ್ಕಾಚಾರ ಸರಳ. ದೊರೆ ಬೇಸಿಗೆ ಕಳೆಯಲು ಬಂದರೆ ಆಸ್ಥಾನವೇ ಹಿಂದೆ ಬರುತ್ತದೆ, ಆಸ್ಥಾನ ಬಂದರೆ ಊರಿನ ವ್ಯಾಪಾರ ಕುದುರುತ್ತದೆ. ಹಾಗೆಯೇ ಆಯಿತು. 1913ರಿಂದ 1930ರವರೆಗೆ ರಾಜ ಪರಿವಾರ ಬೇಸಿಗೆಗೆ ಅಲ್ಲಿಗೇ ಬರುತ್ತಿತ್ತು. ರಾಣಿ ವಿಕ್ಟೋರಿಯಾ ಯೂಹೆನಿಯಾ ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಮೊಮ್ಮಗಳು. ಅರಮನೆಗೆ ಇಂಗ್ಲಿಷ್ ಹಳ್ಳಿಬಂಗಲೆಯ ಚಹರೆ ಇರುವುದು ಇದರಿಂದಲೇ. ಕಲ್ಲಿನ ಗೋಡೆ, ಸ್ಲೇಟುಕಲ್ಲಿನ ಇಳಿಜಾರು ಮಾಡು. ಸ್ಪೇನ್ ಎಂದರೆ ಸುಣ್ಣದ ಬಿಳಿಗೋಡೆ, ಕೆಂಪು ಹೆಂಚು ಎಂದುಕೊಂಡವರಿಗೆ ಧಾರಾವಾಹಿಯ ಮೊದಲ ಕಂತಿನಲ್ಲಿ ‘ಇದೇನು ಇಂಗ್ಲೆಂಡೇ?’ ಅನ್ನಿಸುವುದು ಸಹಜ.

ಕಟ್ಟಡಕ್ಕೆ ಎರಡು ಮುಖ. ಉತ್ತರದ ಬಾಗಿಲಿಗೆ ಕುದುರೆಗಾಡಿ ನೇರ ಒಳಗೆ ಬಂದು ನಿಲ್ಲುವಂಥ ಕಮಾನಿನ ಮಂಟಪವಿದೆ. ದಕ್ಷಿಣದ ಕಡೆ ಎರಡು ಎಂಟುಮೂಲೆಯ ಗೋಪುರ, ನಡುವೆ ಇಬ್ಬದಿಯಿಂದ ಏರುವ ಮೆಟ್ಟಿಲು. ಗಾಡಿಯಿಂದ ಅತಿಥಿಗಳು ಇಳಿಯುವುದು, ಸಾಮಾನು ಹೊರುವವರು ಓಡಿಬರುವುದು, ಇಂಥ ದೃಶ್ಯಕ್ಕೆ ಹೇಳಿ ಮಾಡಿಸಿದ ಜಾಗ.

ಇನ್ನು ಹೋದವರು ಸಾಮಾನ್ಯವಾಗಿ ಮೋಸಹೋಗುವ ಸಂಗತಿ. ಧಾರಾವಾಹಿಯ ಒಳಗಿನ ದೃಶ್ಯಗಳ ಬಹುಪಾಲು ಚಿತ್ರಿತವಾದದ್ದು ಸ್ಟುಡಿಯೊ ಸೆಟ್ಟಿನಲ್ಲಿ. ಅಡುಗೆಮನೆಯ ಉದ್ದ ಮೇಜು, ಆಳುಗಳು ಪಿಸುಗುಟ್ಟುವ ಓಣಿ, ಹೆಣ್ಣಾಳುಗಳ ಮೇಲ್ವಿಚಾರಕಿ ದೊನ್ಯಾ ಆಂಖೆಲಾಳ ಕೋಣೆ, ಇವನ್ನೆಲ್ಲ ಅರಮನೆಯೊಳಗೆ ಹುಡುಕಿದರೆ ನಿರಾಶೆ ಖಂಡಿತ. ಹೊರನೋಟ, ಅಂಗಳ, ಮೆಟ್ಟಿಲು, ಸುತ್ತಲಿನ ಕಡಲು ಮಾತ್ರ ಅಸಲಿ. ಇದು ಕಾಸು ಉಳಿಸುವ ಉಪಾಯ ಮಾತ್ರವಲ್ಲ. ಆಳುಗಳ ಓಣಿಯಲ್ಲಿ ಕ್ಯಾಮೆರಾ ಹಿಂದೆ ಮುಂದೆ ಓಡಬೇಕಾದರೆ ಗೋಡೆ ಕಳಚುವಂತಿರಬೇಕು. ಅರಮನೆಯ ಗೋಡೆ ಕಳಚಲಾದೀತೇ?

ಹೋಗುವವರಿಗೆ: ಬಿಲ್ಬಾವೊದಿಂದ ಸಾಂತಾಂದೇರ್‌ಗೆ ಸುಮಾರು 100 ಕಿ.ಮೀ., ಬಸ್ಸಿನಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ. ಮ್ಯಾಡ್ರಿಡ್‌ನಿಂದ ರೈಲು ನಾಲ್ಕು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅರಮನೆ ಇರುವುದು ಮೂರು ಕಡೆ ನೀರಿರುವ ಚಾಚುಭೂಮಿಯ ಎತ್ತರದ ತುದಿಯಲ್ಲಿ. ಪೇಟೆಯ ನಡುವಿನಿಂದ ಕೊಲ್ಲಿಯ ದಂಡೆಗುಂಟ ನಡೆದರೆ ಮುಕ್ಕಾಲು ಗಂಟೆ. ಊರ ಬಸ್ಸೂ ಇದೆ. ಗೇಟಿನಿಂದ ಮೇಲಕ್ಕೆ ನಡೆಯಲಾಗದ ಹಿರಿಯರು ಜೊತೆಗಿದ್ದರೆ ಒಳಗೆ ಓಡಾಡುವ ಪುಟ್ಟ ಪ್ರವಾಸಿ ರೈಲು ಹಿಡಿಯಿರಿ. ಚಾಚುಭೂಮಿಯ ಉದ್ಯಾನಕ್ಕೆ ಟಿಕೆಟ್ಟಿಲ್ಲ. ಅರಮನೆಯ ಒಳಗೆ ಮಾತ್ರ ಗೈಡ್ ಜೊತೆಗೇ ಹೋಗಬೇಕು, ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು. ಎಡವಟ್ಟಾಗುವುದು ಇಲ್ಲೇ. ಜುಲೈ, ಆಗಸ್ಟ್ ಹವೆ ಚೆನ್ನಾಗಿರುತ್ತದೆಂದು ಆಗ ಹೋಗುತ್ತೀರಿ. ಆದರೆ ಮೆನೆಂದೆಸ್ ಪೆಲಾಯೊ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯದ ಬೇಸಿಗೆ ತರಗತಿಗಳು ನಡೆಯುವುದೂ ಆಗಲೇ, ಈ ಅರಮನೆಯಲ್ಲೇ. 1932ರಲ್ಲಿ ಶುರುವಾದ ಪರಂಪರೆ ಅದು. ಹಾಗಾಗಿ ಒಳಗಿನ ಭೇಟಿಗೆ ಅವಕಾಶ ಕಡಿಮೆ. ಸಮ್ಮೇಳನ, ಮದುವೆಗಳಿಗೂ ಬಾಡಿಗೆಗೆ ಕೊಡುತ್ತಾರೆ, ಆ ದಿನಗಳಲ್ಲೂ ಬಾಗಿಲು ಮುಚ್ಚಬಹುದು. ಮೊದಲು ಅರಮನೆಯ ಭೇಟಿಯ ದಿನ ಖಚಿತಮಾಡಿಕೊಂಡು, ಆಮೇಲೆ ರೈಲು, ರೂಮು ಗೊತ್ತುಮಾಡಿ. ಕೊಡೆ ಮರೆಯಬೇಡಿ. ಉತ್ತರ ಸ್ಪೇನಿನ ಆ ಹಸಿರೆಲ್ಲ ಮಳೆಯದ್ದೇ ಕೊಡುಗೆ.

ಹಾಗಾದರೆ 1905ರ ಸ್ಪೇನಿನಲ್ಲಿ ಇಂಥ ಹೋಟೆಲು ಇರುವುದಾದರೂ ಸಾಧ್ಯವಿತ್ತೇ? ಕಡಲಸ್ನಾನಕ್ಕೆಂದು ಶ್ರೀಮಂತರು ಸಾಂತಾಂದೇರ್‌ಗೆ ಬರುವ ರೂಢಿ ಹಳೆಯದು. 1847ರಲ್ಲೇ ಮ್ಯಾಡ್ರಿಡ್‌ನ ಪತ್ರಿಕೆಯಲ್ಲಿ ಇಲ್ಲಿಯ ‘ಅಲೆಸ್ನಾನ’ದ ಜಾಹೀರಾತು ಬಂದಿತ್ತು. ಆದರೆ ಧಾರಾವಾಹಿ ತೋರಿಸುವ ಮಟ್ಟದ ವೈಭವ ತುಸು ಮುಂಚಿತ. 1906ರ ಮೇ 31ರಂದು ಇದೇ ಆಲ್ಫೊನ್ಸೊ ದೊರೆಯ ಮದುವೆಗೆ ಯುರೋಪಿನ ರಾಜಮನೆತನದವರು ಮ್ಯಾಡ್ರಿಡ್‌ಗೆ ಬಂದಾಗ ಅವರನ್ನು ಇಳಿಸಲು ತಕ್ಕ ಹೋಟೆಲು ರಾಜಧಾನಿಯಲ್ಲೇ ಇರಲಿಲ್ಲ. ಆ ಮುಜುಗರದಿಂದಲೇ ಮ್ಯಾಡ್ರಿಡ್‌ನಲ್ಲಿ 1910ರಲ್ಲಿ ರಿಟ್ಜ್ ಹೋಟೆಲು ಬಂತು, 1912ರಲ್ಲಿ ಪ್ಯಾಲೆಸ್ ಹೋಟೆಲು ಬಂತು. ಕತೆಗಾರರು ಐದಾರು ವರ್ಷ ಮುಂದಕ್ಕೆ ಜಿಗಿದಿದ್ದಾರೆ. ನಮ್ಮ ಮಟ್ಟಿಗೆ ಇದು ಕ್ಷಮಿಸಬಹುದಾದ ತಪ್ಪು. ಹೋಟೆಲಿಗೆ ಹೊಸದಾಗಿ ವಿದ್ಯುದ್ದೀಪ ಬಂದ ಸಂಭ್ರಮವನ್ನು ಕತೆಯ ಮೂಲದಲ್ಲೇ ಇಟ್ಟಿರುವುದು ಮಾತ್ರ ಕಾಲಕ್ಕೆ ಸರಿಯಾಗಿದೆ. ಅದೇ 1905ರ ಆಗಸ್ಟ್ 5ರಂದು ಬೆಂಗಳೂರಿನ ಪೇಟೆ ಬೀದಿಯಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ದೀಪ ಉರಿದಿತ್ತು. ಗುಂಡಿ ಒತ್ತಿದರೆ ಬೆಳಕು ಎಂಬುದು ಅಲ್ಲಿನ ದೊರೆಸಾನಿಗಳಿಗೂ ಇಲ್ಲಿನ ಪೇಟೆಯವರಿಗೂ ಒಂದೇ ಹೊತ್ತಿನ ಬೆರಗು.

ಆಳುಗಳ ಶ್ರೇಣಿಯೂ ನಂಬುವಂತಿದೆ. ಆಂಖೆಲಾಳ ಹುದ್ದೆಗೆ ಸ್ಪ್ಯಾನಿಷ್‌ನಲ್ಲಿ ‘ಆಮಾ ದೆ ಯಾವೆಸ್’ ಎನ್ನುತ್ತಾರೆ, ಅಕ್ಷರಶಃ ‘ಬೀಗದ ಕೈಗಳ ಒಡತಿ’. ಬಟ್ಟೆಬರೆ, ಬೆಳ್ಳಿ ಸಾಮಾನು, ಉಗ್ರಾಣ, ಕೋಣೆ, ಎಲ್ಲದರ ಬೀಗದ ಗೊಂಚಲು ಅವಳ ಬಳಿ. ಅವಳ ಕಣ್ಣು ತಪ್ಪಿಸಿ ಯಾವ ಬಾಗಿಲೂ ತೆರೆಯದು. ಊಟದ ಕೋಣೆ ಮಾತ್ರ ‘ಮೆತ್ರ್’ ಎಂಬ ಮುಖ್ಯ ಮಾಣಿಯದು, ಉಳಿದ ಮಾಣಿಗಳು ಅವನ ಕೈಕೆಳಗೆ. ಕತೆಯ ಕೊಲೆಗಾರನನ್ನು ಊಹಿಸುವ ಆಸೆ ಇದ್ದವರು ಒಂದು ಕೆಲಸ ಮಾಡಿ: ಪ್ರತಿ ದೃಶ್ಯದಲ್ಲೂ ಆ ಕೋಣೆಯ ಬೀಗದ ಕೈ ಯಾರ ಬಳಿ ಇರಬೇಕಿತ್ತು ಎಂದು ಕೇಳಿಕೊಳ್ಳಿ.

ಹುಡುಕುವಾಗಿನ ಗೊಂದಲದ ಬಗ್ಗೆಯೂ ಎರಡು ಮಾತು. ಮೂಲ ಧಾರಾವಾಹಿ ಆಂತೆನಾ 3 ಚಾನೆಲ್ಲಿನಲ್ಲಿ 2011ರಿಂದ 2013ರವರೆಗೆ ಬಂದದ್ದು, ಒಟ್ಟು 39 ಕಂತು, ಒಂದೊಂದೂ ಗಂಟೆಗೂ ಮೀರಿದ್ದು. ಹೊರದೇಶಗಳಿಗೆ ಮಾರುವಾಗ ಅದನ್ನೇ ಮುಕ್ಕಾಲು ಗಂಟೆಯ ತುಂಡುಗಳಾಗಿ ಕತ್ತರಿಸಿದರು. ಆದ್ದರಿಂದ ನಿಮ್ಮಲ್ಲಿ ಕಂತುಗಳ ಸಂಖ್ಯೆ ಹೆಚ್ಚಿದ್ದರೆ ಕತೆ ಹೆಚ್ಚಿದೆ ಎಂದಲ್ಲ. ಕಂತು ಅರ್ಧಕ್ಕೇ ನಿಂತಂತೆ ಅನಿಸಿದರೆ ಕಾರಣವೂ ಅದೇ. 2019ರ ಅಮೆರಿಕದ್ದು ಇದೇ ಹೆಸರಿನ ರೀಮೇಕ್, ಮಯಾಮಿ ಬೀಚಿನಲ್ಲಿ ಈಗಿನ ಕಾಲದಲ್ಲಿ ನಡೆಯುತ್ತದೆ, ಕುದುರೆಗಾಡಿ ಬಯಸಿದವರಿಗೆ ಅದಲ್ಲ. 2016ರ ಈಜಿಪ್ಟಿನ ಅವತರಣಿಕೆ ಮಾತ್ರ ನೋಡತಕ್ಕದ್ದು. ಅದು ಆಸ್ವಾನಿನ ಓಲ್ಡ್ ಕ್ಯಾಟರಾಕ್ಟ್‌ನಲ್ಲಿ ಚಿತ್ರಿತವಾದದ್ದು, ಅಂದರೆ ನೈಲ್ ದಂಡೆಯ ನಿಜವಾದ ಹೋಟೆಲಿನಲ್ಲಿ.

ಈಗ ಉಳಿಯುವ ಮಾತು. ಮಗ್ದಲೇನಾದಲ್ಲಿ ದೊರೆ ಇದ್ದಾಗ ಅವನ ಹಿಂದೆ ಬಂದ ಗಣ್ಯರಿಗೆ ಮಲಗಲು ಜಾಗ ಬೇಕಲ್ಲ? ಅದಕ್ಕೆಂದೇ ಹತ್ತಿರದ ಗುಡ್ಡದ ಮೇಲೆ ‘ಹೋಟೆಲ್ ರೆಯಾಲ್’ ಕಟ್ಟಿದರು. 1917ರಲ್ಲಿ ತೆರೆಯಿತು, ಬೆಳ್ಳಗಿನ ಕಟ್ಟಡ, ಕೊಲ್ಲಿಗೆ ಮುಖ. ವಾಸ್ತುಶಿಲ್ಪಿ ಅರಮನೆ ಕಟ್ಟಿದ ಅದೇ ರಿಯಾಂಚೊ. ಇಂದಿಗೂ ಪಂಚತಾರಾ ಹೋಟೆಲಾಗಿ ನಡೆಯುತ್ತಿದೆ. ಬೇಸಿಗೆಯಲ್ಲಿ ದರ ಏರುತ್ತದೆ, ಮೇ ಅಥವಾ ಅಕ್ಟೋಬರ್‌ನಲ್ಲಿ ಕೇಳಿ ನೋಡಿ. ಕೋಣೆಯ ದರ ಹೆಚ್ಚಾಯಿತು ಅನಿಸಿದರೆ ಒಂದು ಕಾಫಿಗಾದರೂ ಒಳಗೆ ಹೋಗಬಹುದು.