ಹವಾಮಾನ ವಿಜ್ಞಾನಿಗಳನ್ನು ಜನ ನಂಬುತ್ತಾರೆ, ಹಾಗಾದರೆ ಅಡ್ಡಿ ಎಲ್ಲಿದೆ?

ಹವಾಮಾನ ಬದಲಾವಣೆಯ ಮಾತು ಬಂದಾಗಲೆಲ್ಲ ಒಂದು ದೂರು ಕೇಳಿಬರುತ್ತದೆ. ಜನರಿಗೆ ವಿಜ್ಞಾನಿಗಳ ಮೇಲೆ ನಂಬಿಕೆಯೇ ಹೋಗಿದೆ, ಅದಕ್ಕೇ ಏನೂ ಆಗ್ತಿಲ್ಲ ಅಂತ. ಹೇಳುವವರು ಬೇಸರದಿಂದ ಹೇಳುತ್ತಾರೆ, ಕೇಳುವವರು ಹೌದೌದು ಎಂದು ತಲೆಯಾಡಿಸುತ್ತಾರೆ. ಸಮೀಕ್ಷೆಗಳನ್ನು ತೆರೆದು ನೋಡಿದರೆ ಈ ಮಾತಿಗೆ ಅಷ್ಟು ಆಧಾರವಿಲ್ಲ. ನಂಬಿಕೆಗೆ ಏಟು ಬಿದ್ದದ್ದು ನಿಜ. ಕೆಲವರು ದುಡ್ಡು ಸುರಿದು, ಬೇಕೆಂದೇ ಹಾಕಿದ ಏಟು ಅದು. ಆದರೂ ನಂಬಿಕೆ ಸತ್ತಿಲ್ಲ. ಅಡ್ಡಿ ಬೇರೆ ಕಡೆ ಇದೆ, ಮತ್ತು ಅದರ ಬಗ್ಗೆ ನಾವು ಮಾತಾಡುವುದು ಕಡಿಮೆ.

ಈ ವಿಜ್ಞಾನ ಹಳೆಯದು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದರು, ಅದೂ ಪೆನ್ನು ಕಾಗದ ಹಿಡಿದು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಆ ಅನಿಲವನ್ನು ಅಳೆಯತೊಡಗಿದರು. ಆಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. ಆದರೆ 1980ರ ದಶಕದ ತನಕ ಈ ವಿಜ್ಞಾನಿಗಳನ್ನು ಹೊರಗಿನವರು ಯಾರೂ ಅನುಮಾನದಿಂದ ನೋಡಲಿಲ್ಲ. ಯಾಕೆಂದರೆ ಅವರು ಯಾರ ಹತ್ತಿರವೂ ಏನನ್ನೂ ಕೇಳಿರಲಿಲ್ಲ.

ಆ ನೆಮ್ಮದಿ ಮುಗಿದದ್ದು 1988ರಲ್ಲಿ. ಆ ಬೇಸಿಗೆಯಲ್ಲಿ ಅಮೆರಿಕದ ದೊಡ್ಡ ಭಾಗಕ್ಕೆ ಬರ ಬಡಿದಿತ್ತು. ಜೂನ್ 23ರಂದು ನಾಸಾದ ಜೇಮ್ಸ್ ಹ್ಯಾನ್ಸನ್ ಸೆನೆಟ್ ಸಮಿತಿಯ ಮುಂದೆ ಕೂತು, ಭೂಮಿ ಬಿಸಿಯಾಗುತ್ತಿರುವುದು ಸಹಜ ಏರಿಳಿತವಲ್ಲ ಎಂದು ಶೇ 99ರಷ್ಟು ಖಚಿತವಾಗಿ ಹೇಳಬಲ್ಲೆ ಎಂದರು. ಮರುದಿನ ಅದು ಮುಖಪುಟದ ಸುದ್ದಿ. ಅದೇ ವರ್ಷ ವಿಶ್ವಸಂಸ್ಥೆಯ ಎರಡು ಅಂಗಸಂಸ್ಥೆಗಳು ಸೇರಿ ಐಪಿಸಿಸಿಯನ್ನು, ಅಂದರೆ ಹವಾಮಾನ ವಿಜ್ಞಾನವನ್ನು ಪರಿಶೀಲಿಸಿ ಸರ್ಕಾರಗಳಿಗೆ ವರದಿ ಕೊಡುವ ಅಂತರರಾಷ್ಟ್ರೀಯ ಸಮಿತಿಯನ್ನು, ಕಟ್ಟಿದವು.

ಆಗ ಇದು ಎಡ, ಬಲದ ಜಗಳ ಆಗಿರಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಅಪಾಯದ ಬಗ್ಗೆ ಎಚ್ಚರಿಸಿದವರು ಮಾರ್ಗರೆಟ್ ಥ್ಯಾಚರ್. ಪಕ್ಕಾ ಬಲಪಂಥೀಯ ರಾಜಕಾರಣಿ, ಓದಿದ್ದು ರಸಾಯನ ವಿಜ್ಞಾನ. ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ರಿಪಬ್ಲಿಕನ್ ಅಭ್ಯರ್ಥಿ ಜಾರ್ಜ್ ಬುಷ್ (ಹಿರಿಯರು), ಹಸಿರುಮನೆ ಪರಿಣಾಮಕ್ಕೆ ಶ್ವೇತಭವನದ ಪರಿಣಾಮ ತೋರಿಸ್ತೀನಿ ಎಂದು ಭಾಷಣ ಮಾಡಿದ್ದರು. ಈಗ ಓದಿದರೆ ಬೇರೆ ಯಾವುದೋ ಲೋಕದ ಸುದ್ದಿಯಂತೆ ಕಾಣುತ್ತದೆ.

ಬದಲಾದದ್ದು ವಿಜ್ಞಾನವಲ್ಲ. ಬಿಲ್ ಯಾರ ಮನೆಗೆ ಹೋಗುತ್ತದೆ ಎನ್ನುವುದು ಸ್ಪಷ್ಟವಾಯಿತು, ಅಷ್ಟೇ. 1989ರಲ್ಲೇ ತೈಲ, ಕಲ್ಲಿದ್ದಲು, ವಾಹನ ಉದ್ಯಮಗಳು ಸೇರಿ ಗ್ಲೋಬಲ್ ಕ್ಲೈಮೇಟ್ ಕೋಅಲಿಷನ್ ಎಂಬ ಕೂಟ ಮಾಡಿಕೊಂಡವು. ಹೆಸರು ಕೇಳಿದರೆ ಹವಾಮಾನ ಉಳಿಸಲು ಹೊರಟವರು ಅನ್ನಿಸಬೇಕು. ಕೆಲಸ ಅದಕ್ಕೆ ಉಲ್ಟಾ. ದಾರಿ ತೋರಿಸಲು ಸಿಗರೇಟು ಕಂಪನಿಗಳು ಮೊದಲೇ ಇದ್ದವು. ಅನುಮಾನವೇ ನಾವು ಮಾರುವ ಸರಕು ಎಂದು 1969ರಲ್ಲೇ ಒಂದು ತಂಬಾಕು ಕಂಪನಿಯ ಒಳಪತ್ರ ಬರೆದಿತ್ತು.

1998ರಲ್ಲಿ ತೈಲ ಉದ್ಯಮದ ಸಂಘಟನೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕರೆದ ಗುಂಪೊಂದು ಒಂದು ಯೋಜನೆ ಬರೆಯಿತು. ಹವಾಮಾನ ವಿಜ್ಞಾನದಲ್ಲಿ ಅನಿಶ್ಚಿತತೆ ಇದೆ ಎಂದು ಸಾಮಾನ್ಯ ಜನ ಒಪ್ಪಿದ ದಿನ ನಾವು ಗೆದ್ದಂತೆ ಎನ್ನುವುದು ಅದರ ತಿರುಳು. 2003ರಲ್ಲಿ ಬಯಲಾದ, ಪಕ್ಷದ ಸಲಹೆಗಾರ ಫ್ರಾಂಕ್ ಲಂಟ್ಜ್ ಅವರ ಟಿಪ್ಪಣಿ ರಿಪಬ್ಲಿಕನ್ನರಿಗೆ ಇದೇ ಸಲಹೆ ಕೊಟ್ಟಿತ್ತು: ವಿಜ್ಞಾನ ಇನ್ನೂ ಖಚಿತವಾಗಿಲ್ಲ ಎನ್ನುವುದನ್ನೇ ಮುಖ್ಯ ವಿಷಯ ಮಾಡಿ. ಲಂಟ್ಜ್ 2019ರಲ್ಲಿ ಸೆನೆಟರ್‌ಗಳ ಮುಂದೆ, ಅದು ತಪ್ಪಾಗಿತ್ತು, ದಯವಿಟ್ಟು ಬಳಸಬೇಡಿ ಎಂದರು. ಆ ಹೊತ್ತಿಗೆ ಅದು ಮಾಡಬೇಕಾದ ಕೆಲಸ ಮಾಡಿ ಮುಗಿಸಿತ್ತು.

ಇದರಲ್ಲಿ ಸಿಟ್ಟು ಬರಿಸುವ ಭಾಗ ಬೇರೆ ಇದೆ. ಎಕ್ಸಾನ್ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳೇ 1970ರ ದಶಕದ ಕೊನೆಯಿಂದ ಈ ಲೆಕ್ಕ ಮಾಡುತ್ತಿದ್ದರು. ಆ ಲೆಕ್ಕಗಳನ್ನು ಮುಂದೆ ನಿಜವಾಗಿ ಏರಿದ ತಾಪಮಾನದ ಜೊತೆ ಹೋಲಿಸಿ ನೋಡಿದ ಅಧ್ಯಯನ 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅವುಗಳಲ್ಲಿ ಶೇ 63ರಿಂದ 83ರಷ್ಟು ಸರಿಯಾಗಿಯೇ ಇದ್ದವು. ಒಳಗೆ ಅಷ್ಟು ಚೊಕ್ಕವಾಗಿ ಲೆಕ್ಕ ಹಾಕಿದ ಕಂಪನಿ ಹೊರಗೆ ಮಾತ್ರ, ಕಂಪ್ಯೂಟರ್ ಮಾದರಿಗಳನ್ನು ನಂಬಲಾಗದು ಎನ್ನುತ್ತಿತ್ತು.

ಪತ್ರಕರ್ತರ ಪಾಲೂ ಇದೆ. ಎರಡೂ ಕಡೆಯವರನ್ನು ಮಾತಾಡಿಸಬೇಕು ಎನ್ನುವುದು ಒಳ್ಳೆಯ ನಿಯಮವೇ. ಆದರೆ ಅಮೆರಿಕದ ನಾಲ್ಕು ದೊಡ್ಡ ಪತ್ರಿಕೆಗಳನ್ನು ನೋಡಿದ 2004ರ ಅಧ್ಯಯನದ ಪ್ರಕಾರ, 1988ರಿಂದ 2002ರವರೆಗಿನ ವರದಿಗಳಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಬರಹಗಳು ಎರಡೂ ವಾದಗಳಿಗೆ ಹೆಚ್ಚುಕಡಿಮೆ ಸಮಪಾಲು ಕೊಟ್ಟಿದ್ದವು. ಒಂದು ಕಡೆ ಆ ಕ್ಷೇತ್ರದ ಹೆಚ್ಚೂಕಮ್ಮಿ ಎಲ್ಲರೂ, ಇನ್ನೊಂದು ಕಡೆ ಬೆರಳೆಣಿಕೆಯ ಜನ. ಓದುಗನಿಗೆ ಕಂಡದ್ದು ಸಮಬಲದ ಜಗಳ.

ಇನ್ನು 2009ಕ್ಕೆ ಬರೋಣ. ನವೆಂಬರ್‌ನಲ್ಲಿ, ಕೋಪನ್‌ಹೇಗನ್ ಹವಾಮಾನ ಶೃಂಗಸಭೆಗೆ ಕೆಲವೇ ವಾರ ಇರುವಾಗ, ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ಸಂಶೋಧನಾ ಘಟಕದ ಸಾವಿರಕ್ಕೂ ಹೆಚ್ಚು ಇಮೇಲ್‌ಗಳನ್ನು ಯಾರೋ ಕದ್ದು ಅಂತರ್ಜಾಲಕ್ಕೆ ಹಾಕಿದರು. ಕದ್ದವರು ಸಿಕ್ಕಲೇ ಇಲ್ಲ. ಅವುಗಳಲ್ಲಿ ಒಂದು ಸಾಲು ಲೋಕವೆಲ್ಲ ಓಡಾಡಿತು. 1999ರಲ್ಲಿ ಆ ಘಟಕದ ವಿಜ್ಞಾನಿ ಫಿಲ್ ಜೋನ್ಸ್ ಬರೆದದ್ದು: ಒಂದು ಟ್ರಿಕ್ ಬಳಸಿ ಇಳಿಕೆಯನ್ನು ಮರೆಮಾಡಿದ್ದೇನೆ. ಓದಿದವರಿಗೆ ಏನನ್ನಿಸುತ್ತದೆ? ಭೂಮಿ ತಣ್ಣಗಾಗುತ್ತಿದೆ, ಇವರು ಮುಚ್ಚಿಟ್ಟಿದ್ದಾರೆ ಅಂತ ತಾನೇ?

ನಡೆದದ್ದು ಇಷ್ಟು. ಥರ್ಮಾಮೀಟರ್ ಇಲ್ಲದ ಕಾಲದ ತಾಪಮಾನ ತಿಳಿಯಲು ಮರದ ಕಾಂಡದ ಉಂಗುರಗಳನ್ನು ನೋಡುತ್ತಾರೆ. ಬೆಚ್ಚಗಿನ ವರ್ಷದಲ್ಲಿ ಉಂಗುರ ಒಂದು ರೀತಿ, ತಂಪಿನ ವರ್ಷದಲ್ಲಿ ಇನ್ನೊಂದು ರೀತಿ. ಆದರೆ ದೂರದ ಉತ್ತರದ ಕೆಲವು ಕಾಡುಗಳ ಮರಗಳಲ್ಲಿ 1960ರ ಸುಮಾರಿನಿಂದ ಈಚೆಗೆ ಈ ಲೆಕ್ಕ ಕೈಕೊಡುತ್ತದೆ. ಥರ್ಮಾಮೀಟರ್ ಏರುತ್ತಿದ್ದರೂ ಉಂಗುರಗಳು ತಂಪಾಗ್ತಿದೆ ಎನ್ನುತ್ತವೆ. ಇಳಿಕೆ ಎಂದರೆ ಅದು. ಗುಟ್ಟೂ ಅಲ್ಲ, ಆಗಲೇ ಪ್ರಬಂಧಗಳಲ್ಲಿ ಅಚ್ಚಾಗಿತ್ತು. ಜೋನ್ಸ್ ಒಂದು ವರದಿಯ ಮುಖಪುಟದ ಗ್ರಾಫಿಗಾಗಿ, ಕೆಟ್ಟ ಆ ತುಂಡನ್ನು ಬಿಟ್ಟು ಅಲ್ಲಿ ಥರ್ಮಾಮೀಟರ್ ಅಂಕಿ ಸೇರಿಸಿದ್ದರು. ಹಾಗೆ ಸೇರಿಸಿದ್ದೇವೆ ಎಂದು ಆ ಗ್ರಾಫಿನ ಜೊತೆ ಹೇಳಬೇಕಿತ್ತು, ಹೇಳಲಿಲ್ಲ. ತನಿಖೆಗಳು ಒಂದರ ಹಿಂದೊಂದು ನಡೆದವು. ವಿಜ್ಞಾನಿಗಳ ಪ್ರಾಮಾಣಿಕತೆಯಲ್ಲಿ ಅನುಮಾನವಿಲ್ಲ ಎಂದಿತು ಮ್ಯೂರ್ ರಸೆಲ್ ಅವರ ತನಿಖಾ ವರದಿ. ಆದರೆ ಆ ಗ್ರಾಫ್ ದಾರಿ ತಪ್ಪಿಸುವಂತಿತ್ತು, ಹೊರಗಿನವರು ಮಾಹಿತಿ ಕೇಳಿದಾಗ ಇವರು ಸರಿಯಾಗಿ ಕೊಡಲಿಲ್ಲ ಎಂದೂ ಬರೆಯಿತು. ಎರಡೂ ಮಾತು ನ್ಯಾಯವೇ.

ಅದರ ಬೆನ್ನಿಗೇ ಇನ್ನೊಂದು. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಕರಗಿ ಹೋಗಬಹುದು ಎಂದು ಐಪಿಸಿಸಿಯ 2007ರ ವರದಿಯಲ್ಲಿತ್ತು. ಆಧಾರ ಹುಡುಕಿದರೆ ಸಿಕ್ಕಿದ್ದು ಒಂದು ಪರಿಸರ ಸಂಸ್ಥೆಯ ವರದಿ, ಅದರ ಹಿಂದೆ ಒಂದು ಜನಪ್ರಿಯ ವಿಜ್ಞಾನ ಪತ್ರಿಕೆಯ ಸುದ್ದಿ. ಭಾರತ ಸರ್ಕಾರದ ಪರವಾಗಿ ಬಂದ ವರದಿಯೊಂದು ಹಿಮನದಿಗಳು ಅಷ್ಟು ಬೇಗ ಕರಗುತ್ತಿಲ್ಲ ಎಂದಾಗ, ಐಪಿಸಿಸಿಯ ಅಂದಿನ ಮುಖ್ಯಸ್ಥ ರಾಜೇಂದ್ರ ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಎಂದು ಹೀಗಳೆದಿದ್ದರು. 2010ರ ಜನವರಿಯಲ್ಲಿ ಐಪಿಸಿಸಿ ತನ್ನ ತಪ್ಪು ಒಪ್ಪಿಕೊಳ್ಳಬೇಕಾಯಿತು. ನನ್ನ ಪ್ರಕಾರ ಆ ತಪ್ಪು ಅಂಕಿಗಿಂತ ಆ ಹೀಗಳೆದ ಧಾಟಿಯೇ ಜಾಸ್ತಿ ಕೆಡುಕು ಮಾಡಿತು.

ಇಷ್ಟೆಲ್ಲ ಆದ ಮೇಲೆ ನಂಬಿಕೆ ನೆಲಕಚ್ಚಬೇಕಿತ್ತು, ಅಲ್ವಾ? ಕುಸಿತ ಆದದ್ದು ಮುಖ್ಯವಾಗಿ ಒಂದೇ ಗುಂಪಿನಲ್ಲಿ. ಅಮೆರಿಕದಲ್ಲಿ ಮೊದಲೇ ರಾಜಕೀಯವಾಗಿ ಬಲಕ್ಕೆ ವಾಲಿದ್ದವರು ಇನ್ನಷ್ಟು ಅತ್ತ ಹೋದರು. 2008ರಲ್ಲಿ ರಿಪಬ್ಲಿಕನ್ ನಾಯಕ ನ್ಯೂಟ್ ಗಿಂಗ್ರಿಚ್ ಮತ್ತು ಡೆಮಾಕ್ರಟಿಕ್ ನಾಯಕಿ ನ್ಯಾನ್ಸಿ ಪೆಲೋಸಿ ಒಂದೇ ಸೋಫಾದಲ್ಲಿ ಕೂತು, ಹವಾಮಾನದ ವಿಷಯದಲ್ಲಿ ನಾವು ಒಂದೇ ಎನ್ನುವ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದರು. 2011ರಲ್ಲಿ ಗಿಂಗ್ರಿಚ್ ಅದನ್ನು ತಾನು ಇತ್ತೀಚೆಗೆ ಮಾಡಿದ ಅತಿ ದಡ್ಡ ಕೆಲಸ ಎಂದರು. ಪಕ್ಷದೊಳಗೆ ಉಳಿಯಬೇಕಾದರೆ ಹಾಗನ್ನಲೇಬೇಕಿತ್ತು.

ಓದು ಕಡಿಮೆ, ಅದಕ್ಕೇ ನಂಬುವುದಿಲ್ಲ ಎನ್ನುವ ವಿವರಣೆಯೂ ನಿಲ್ಲುವುದಿಲ್ಲ. ಸಂಶೋಧಕ ಡ್ಯಾನ್ ಕಹಾನ್ ಮತ್ತವರ ಜೊತೆಗಾರರು 2012ರಲ್ಲಿ ಅಮೆರಿಕನ್ನರನ್ನು ಪರೀಕ್ಷಿಸಿದಾಗ, ವಿಜ್ಞಾನ ಮತ್ತು ಲೆಕ್ಕ ಚೆನ್ನಾಗಿ ಬಲ್ಲವರ ನಡುವೆಯೇ ಒಡಕು ಅತಿ ದೊಡ್ಡದಾಗಿತ್ತು. ಬುದ್ಧಿ ಇದ್ದವರು ತಮ್ಮ ಕಡೆಯ ವಾದವನ್ನು ಚೆನ್ನಾಗಿ ಕಟ್ಟಿಕೊಳ್ಳುತ್ತಾರೆ, ಅಷ್ಟೇ.

ಅಮೆರಿಕದ ಈ ಕತೆಯನ್ನೇ ಲೋಕದ ಕತೆ ಅಂದುಕೊಂಡದ್ದು ನಮ್ಮೆಲ್ಲರ ಎಡವಟ್ಟು. 68 ದೇಶಗಳ ಸುಮಾರು 72,000 ಜನರನ್ನು ಕೇಳಿದ ದೊಡ್ಡ ಸಮೀಕ್ಷೆಯ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ವಿಜ್ಞಾನಿಗಳ ಮೇಲಿನ ನಂಬಿಕೆ 5ಕ್ಕೆ ಸರಾಸರಿ 3.62. ಒಂದೇ ಒಂದು ದೇಶದಲ್ಲೂ ಒಟ್ಟಾರೆ ಅಪನಂಬಿಕೆ ಕಾಣಲಿಲ್ಲ. ಹವಾಮಾನ ವಿಜ್ಞಾನಿಗಳಿಗೆ ಹಲವು ದೇಶಗಳಲ್ಲಿ ಉಳಿದ ವಿಜ್ಞಾನಿಗಳಿಗಿಂತ ತುಸು ಕಡಿಮೆ ಅಂಕ ಸಿಕ್ಕಿದೆ. ತುಸುವೇ. ವಿಜ್ಞಾನಿಗಳು ಸುಮ್ನೆ ಲ್ಯಾಬಿನಲ್ಲಿರಲಿ ಎಂದೂ ಜನ ಹೇಳಲಿಲ್ಲ. ಶೇ 83ರಷ್ಟು ಮಂದಿ, ಅವರು ಹೊರಬಂದು ಜನರ ಜೊತೆ ಮಾತಾಡಬೇಕು ಎಂದರು.

ಹಾಗಾದರೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಸ್ವಿಟ್ಜರ್ಲೆಂಡ್ ನೋಡಿ. 2021ರ ಜೂನ್‌ನಲ್ಲಿ ಅಲ್ಲಿ ಒಂದು ಹವಾಮಾನ ಕಾನೂನು ಜನಮತಕ್ಕೆ ಬಂತು. ಪೆಟ್ರೋಲು ಲೀಟರಿಗೆ 12 ಸೆಂಟೀಮ್ (100 ಸೆಂಟೀಮ್‌ಗೆ ಒಂದು ಫ್ರಾಂಕ್) ತನಕ ತುಟ್ಟಿಯಾಗಬಹುದಿತ್ತು, ವಿಮಾನದ ಟಿಕೆಟ್ಟಿಗೆ 30ರಿಂದ 120 ಫ್ರಾಂಕ್ ಸುಂಕ. ಶೇ 51.6 ಮಂದಿ ಬೇಡ ಎಂದರು. ಎರಡು ವರ್ಷ ಕಳೆದು, 2023ರ ಜೂನ್‌ನಲ್ಲಿ ಇನ್ನೊಂದು ಕಾನೂನು ಬಂತು. ಗುರಿ ಇನ್ನೂ ದೊಡ್ಡದು, 2050ಕ್ಕೆ ನಿವ್ವಳ ಶೂನ್ಯ, ಅಂದರೆ ಗಾಳಿಯಿಂದ ಹೀರಿ ತೆಗೆದಷ್ಟೇ ಅನಿಲ ಬಿಡುವುದು, ಅದಕ್ಕಿಂತ ಹೆಚ್ಚಿಲ್ಲ. ಆದರೆ ಹೊಸ ಸುಂಕ ಇಲ್ಲ, ಮನೆಯ ಹಳೆಯ ಹೀಟರ್ ಬದಲಿಸಲು ನೆರವು. ಶೇ 59.1 ಮಂದಿ ಬೇಕು ಎಂದರು. ಅದೇ ದೇಶ, ಅದೇ ಮತದಾರರು, ಅದೇ ವಿಜ್ಞಾನಿಗಳು.

ಫ್ರಾನ್ಸ್‌ನಲ್ಲಿ 2018ರ ನವೆಂಬರ್‌ನಲ್ಲಿ ಹಳದಿ ಜಾಕೆಟ್ ತೊಟ್ಟು ರಸ್ತೆಗಿಳಿದವರ ಸಿಟ್ಟು ಕೂಡ ವಿಜ್ಞಾನದ ಮೇಲಿರಲಿಲ್ಲ. ಶ್ರೀಮಂತರ ಸಂಪತ್ತು ತೆರಿಗೆಯನ್ನು ಸರ್ಕಾರ ಅದೇ ವರ್ಷ ತೆಗೆದುಹಾಕಿತ್ತು. ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದವರ ಡೀಸೆಲ್ ಮೇಲೆ ತೆರಿಗೆ ಏರಿಸಲು ಹೊರಟಿತ್ತು. ನಮ್ಮ ತಲೆ ಮೇಲೇ ಯಾಕೆ ಎಂದು ಅವರು ಕೇಳಿದರು. ಡಿಸೆಂಬರ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು.

ಹಣ ವಾಪಸ್ ಕೊಟ್ಟರೆ ಸರಿಹೋಗುತ್ತದೆ ಎಂದು ಅರ್ಥಶಾಸ್ತ್ರಜ್ಞರು ಹೇಳುತ್ತಿದ್ದರು. ಕೆನಡಾ 2019ರಿಂದ ಅದನ್ನೂ ಮಾಡಿ ನೋಡಿತು. ಇಂಧನದ ಮೇಲೆ ಹಾಕಿದ ಶುಲ್ಕದ ಬಹುಪಾಲು ಮನೆಗಳಿಗೆ ಮರಳಿ ಬರುತ್ತಿತ್ತು. ಆದರೆ ಪೆಟ್ರೋಲ್ ಬಂಕಿನಲ್ಲಿ ಕೊಡುವ ದುಡ್ಡು ಪ್ರತಿ ವಾರ ಕಣ್ಣಿಗೆ ಬೀಳುತ್ತದೆ, ಮರಳಿ ಬಂದದ್ದು ಎಷ್ಟೋ ಜನರ ಗಮನಕ್ಕೇ ಬರಲಿಲ್ಲ. 2025ರ ಏಪ್ರಿಲ್ 1ರಂದು ಗ್ರಾಹಕರ ಮೇಲಿನ ಆ ಶುಲ್ಕವನ್ನು ಸೊನ್ನೆಗಿಳಿಸಿದರು. ಇಲ್ಲಿ ನಂಬಿಕೆಯ ಪ್ರಶ್ನೆ ಇದೆ. ಆದರೆ ಅದು ಸರ್ಕಾರದ ಮೇಲಿನ ನಂಬಿಕೆ, ವಿಜ್ಞಾನಿಯ ಮೇಲಿನದ್ದಲ್ಲ.

ಇನ್ನೂ ಒಂದು ಅಡ್ಡಿ ಇದೆ, ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸುವುದು ಅದೇ. 125 ದೇಶಗಳಲ್ಲಿ ಸುಮಾರು 1,30,000 ಜನರಿಗೆ ಒಂದು ಪ್ರಶ್ನೆ ಕೇಳಿದರು. ಭೂಮಿ ಬಿಸಿಯಾಗುವುದನ್ನು ತಡೆಯಲು ನಿಮ್ಮ ಮನೆಯ ಆದಾಯದಲ್ಲಿ ಪ್ರತಿ ತಿಂಗಳು ಶೇ 1 ಕೊಡುತ್ತೀರಾ? ಶೇ 69 ಮಂದಿ ಹೌದು ಎಂದರು. ಸರ್ಕಾರಗಳು ಇನ್ನಷ್ಟು ಮಾಡಬೇಕು ಎಂದವರು ಶೇ 89. ಆಮೇಲೆ ಇನ್ನೊಂದು ಪ್ರಶ್ನೆ: ನಿಮ್ಮ ದೇಶದ 100 ಜನರಲ್ಲಿ ಎಷ್ಟು ಮಂದಿ ಹೌದು ಎನ್ನಬಹುದು? ಸರಾಸರಿ ಉತ್ತರ 43. 2024ರಲ್ಲಿ ಬಂದ ಈ ಅಧ್ಯಯನದಲ್ಲಿ, ಪರೀಕ್ಷಿಸಿದ ಎಲ್ಲ ದೇಶಗಳಲ್ಲೂ ಜನ ತಮ್ಮ ಅಕ್ಕಪಕ್ಕದವರನ್ನು ಕಮ್ಮಿ ಅಂದಾಜು ಮಾಡಿದ್ದರು. ಬಾಯಲ್ಲಿ ಹೌದೆನ್ನುವುದು ಬೇರೆ, ಜೇಬಿಗೆ ಕೈ ಹಾಕುವುದು ಬೇರೆ, ನಿಜ. ಆದರೆ ಬೇರೆಯವರು ಯಾರೂ ಕೊಡುವುದಿಲ್ಲ ಎಂದುಕೊಂಡವನು ತಾನೂ ಕೊಡುವುದಿಲ್ಲ, ಬಾಯಿಬಿಟ್ಟು ಮಾತೂ ಆಡುವುದಿಲ್ಲ.

ಕಾನೂನು, ಒಪ್ಪಂದ ಮಾಡುವವರಾದರೂ ಜನರ ನಾಡಿ ಬಲ್ಲವರಿರಬೇಕಲ್ಲ. ವಿಶ್ವಸಂಸ್ಥೆಯ ಪರಿಸರ ಮಹಾಸಭೆಗೆ ಬಂದಿದ್ದ ಪ್ರತಿನಿಧಿಗಳನ್ನು ಹಿಡಿದು, ಲೋಕದಲ್ಲಿ ಎಷ್ಟು ಜನ ಆ ಶೇ 1 ಕೊಡಲು ಸಿದ್ಧರಿದ್ದಾರೆ ಎಂದು ಕೇಳಿದ್ದಾರೆ. ಅವರ ಅಂದಾಜು ಶೇ 37.