ಅಡವಿಗೆ ಏನಿಡ್ತೀರಿ?

ಪೀಣ್ಯದಲ್ಲಿ ಲೇತ್ ಮೆಷಿನ್ ಇಟ್ಟುಕೊಂಡಿದ್ದ ನಮ್ಮ ದೊಡ್ಡಪ್ಪ ಸಾಲಕ್ಕೆ ಹೋದಾಗಲೆಲ್ಲ ಬ್ಯಾಂಕಿನಲ್ಲಿ ಕೇಳುತ್ತಿದ್ದದ್ದು ಇದೇ ಮಾತು. ಬೀರುವಿನಲ್ಲಿದ್ದ ಸೈಟಿನ ಪತ್ರ ಪ್ಲಾಸ್ಟಿಕ್ ಕವರಿನಲ್ಲಿ ಹೋಗುತ್ತಿತ್ತು, ಸಾಲ ತೀರಿದ ಮೇಲೆ ವಾಪಸ್ ಬರುತ್ತಿತ್ತು. ಅವರು ಮಾಡುವ ಬಿಡಿಭಾಗ ಎಂಥದ್ದು ಅಂತ ಮಾತ್ರ ಯಾರೂ ವಿಚಾರಿಸಲಿಲ್ಲ.

ಬೆಂಗಳೂರಿನಲ್ಲಿ ದೊಡ್ಡ ಕೆಲಸಕ್ಕೆ ಮೊದಲು ದುಡ್ಡು ಹಾಕಿದ್ದು ಸರ್ಕಾರ. 1940ರಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಕಟ್ಟಲು ಬಂದಾಗ ಮೈಸೂರು ಸಂಸ್ಥಾನ ಜಾಗವನ್ನೂ ಬಂಡವಾಳವನ್ನೂ ಕೊಟ್ಟಿತು. ಅದೇ ಇವತ್ತಿನ ಎಚ್‌ಎಎಲ್. ಆಮೇಲೆ ಐಟಿಐ, ಎಚ್‌ಎಂಟಿ, ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳು ಬಂದವು.

ಖಾಸಗಿಯವರ ಪಾಡು ಬೇರೆ. 1978ರಲ್ಲಿ ಕಿರಣ್ ಮಜುಂದಾರ್ 10,000 ರೂಪಾಯಿ ಇಟ್ಟುಕೊಂಡು ಗ್ಯಾರೇಜಿನಲ್ಲಿ ಬಯೋಟೆಕ್ ಕಂಪನಿ ಬಯೋಕಾನ್ ಶುರು ಮಾಡಿದಾಗ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕಿದವು. ತಲೆಯಲ್ಲಿರುವ ವಿದ್ಯೆಯನ್ನು ಅಡವಿಡೋದು ಹೇಗೆ? 1988ರಲ್ಲಿ ಹಣಕಾಸು ಸಂಸ್ಥೆಗಳಾದ ಐಸಿಐಸಿಐ ಮತ್ತು ಯುಟಿಐ ಸೇರಿ ಟಿಡಿಐಸಿಐ ಎಂಬ ವೆಂಚರ್ ಕ್ಯಾಪಿಟಲ್ ಸಂಸ್ಥೆ ಕಟ್ಟಿದವು. ಅಡವಿನ ಬದಲು ಕಂಪನಿಯಲ್ಲಿ ಪಾಲು ಕೇಳುವ ದುಡ್ಡು ಅದು. ಆದರೂ ಜನರಿಗೆ ಧೈರ್ಯ ಬರಲು ಹೊತ್ತು ಹಿಡಿಯಿತು. 1993ರಲ್ಲಿ ಇನ್ಫೋಸಿಸ್ 95 ರೂಪಾಯಿಗೆ ಷೇರು ಬಿಟ್ಟಾಗ ಕೊಳ್ಳುವವರೇ ಸಾಲದಾದರು. ಶೇ 13ರಷ್ಟು ಪಾಲನ್ನು ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಬ್ಯಾಂಕು ಎತ್ತಿಕೊಂಡಿತು.

ಮುಂದಿನದು ವಿದೇಶಿ ದುಡ್ಡಿನ ಕಾಲ. 2007ರಲ್ಲಿ ಕೋರಮಂಗಲದಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್‌ನ ಮೂಲ ಕಂಪನಿ ಸಿಂಗಪುರಕ್ಕೆ ಹೋಯಿತು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಶೇ 77ರಷ್ಟು ಪಾಲು ಪಡೆಯಿತು. ನಮ್ಮ ದುಡ್ಡು ಯಾಕೆ ಹಿಂದುಳಿಯಿತು? ನಮ್ಮ ಕಾನೂನಿನ ಪಾಲೂ ಇದೆ. 2012ರಲ್ಲಿ ಏಂಜೆಲ್ ಟ್ಯಾಕ್ಸ್ ಬಂತು. ಇಲ್ಲಿನವರು ಷೇರಿಗೆ ಲೆಕ್ಕದ ಬೆಲೆಗಿಂತ ಜಾಸ್ತಿ ಕೊಟ್ಟರೆ, ಆ ಹೆಚ್ಚುವರಿಯನ್ನು ಕಂಪನಿಯ ಆದಾಯವೆಂದು ಹಿಡಿದು ತೆರಿಗೆ ಹಾಕುತ್ತಿದ್ದರು. ಹೊರದೇಶದವರಿಗೆ 2023ರವರೆಗೆ ಈ ಕಾಟ ಇರಲಿಲ್ಲ. ಇದು ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ. ಜಯನಗರದ ಡಾಕ್ಟರೊಬ್ಬರು ಪಕ್ಕದ ಮನೆ ಹುಡುಗಿಯ ಕಂಪನಿಗೆ ದುಡ್ಡು ಹಾಕಲು ಹೆದರಬೇಕಿತ್ತು, ಅಲ್ವಾ? 2024ರ ಬಜೆಟ್ ಅದನ್ನು ತೆಗೆದುಹಾಕಿತು.

ಈಗ ಗಾಳಿ ತಿರುಗುತ್ತಿದೆ. ಫೋನ್‌ಪೇ 2022ರಲ್ಲಿ ತನ್ನ ಮೂಲ ಕಂಪನಿಯನ್ನು ಸಿಂಗಪುರದಿಂದ ಭಾರತಕ್ಕೆ ತಂದಿತು. 2024ರ ನವೆಂಬರಿನಲ್ಲಿ ಸ್ವಿಗ್ಗಿ ಇಲ್ಲಿನ ಷೇರುಪೇಟೆಗೇ ಬಂತು. ಎಸ್‌ಐಪಿ ಎಂಬ ತಿಂಗಳ ಉಳಿತಾಯದ ಕಂತು ಕಟ್ಟುವವರ ದುಡ್ಡೂ ಮ್ಯೂಚುವಲ್ ಫಂಡ್ ಮೂಲಕ ಇಂಥ ಕಂಪನಿಗಳಿಗೆ ಸೇರುತ್ತಿದೆ. ಹೊಸ ಆಲೋಚನೆಗೆ ರಾಜ್ಯದ ಎಲಿವೇಟ್ ಯೋಜನೆ 50 ಲಕ್ಷದವರೆಗೆ ಅನುದಾನ ಕೊಡುತ್ತದೆ, ಪಾಲು ಕೇಳುವುದಿಲ್ಲ.

ಪೀಣ್ಯಕ್ಕೂ ದಾರಿ ಇದೆ. ಸಣ್ಣ ಉದ್ಯಮಗಳು ಅಡವಿಲ್ಲದೆ ಪಡೆಯುವ ಸಾಲಕ್ಕೆ ಕೇಂದ್ರದ ಗ್ಯಾರಂಟಿ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿಗೆ ಏರಿದೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ ತರಬೇಕೆಂದು ದೊಡ್ಡಪ್ಪನ ಮಗ ಮೊನ್ನೆ ಒಂದು ಬ್ಯಾಂಕ್ ಶಾಖೆಗೆ ಹೋಗಿದ್ದ. ಈ ಗ್ಯಾರಂಟಿಯ ಸುದ್ದಿಯನ್ನು ಅವನೇ ಎತ್ತಬೇಕಾಯಿತು. ಮ್ಯಾನೇಜರ್ ಮೊದಲು ಕೇಳಿದ್ದು ಸೈಟಿನ ಪತ್ರವನ್ನೇ.